ಎರಡು ಮಳೆಗಾಲ ನಿಂತ ಮಾರುತಿ 800, ಎಂಜಿನ್ ಜಾಮ್: ಬಿಡಿಸುದಾ, ಗುಜರಿಗಾ?

ಕಾಪು_ಕಡಲು:
ಗಾಡಿ 2004ರ ಮಾರುತಿ 800, ಎಂಪಿಎಫ್‌ಐ (ಕಾರ್ಬ್ಯುರೇಟರ್ ಅಲ್ಲ, ಇಂಜೆಕ್ಟರಿನದ್ದು), ಉಡುಪಿಯ ಕೆಎ-20. ಬೆಲೆ 22,000. ಕಾಪುವಿನಲ್ಲಿ ಕಡಲಿನಿಂದ ಅರ್ಧ ಕಿಲೋಮೀಟರ್ ಒಳಗೆ, ಮಡಲು ಹೊದೆಸಿದ ಶೆಡ್ಡಿನಲ್ಲಿ ಎರಡು ಮಳೆಗಾಲ ನಿಂತದ್ದು. ನಿಲ್ಲಿಸುವಾಗ ಚೆನ್ನಾಗಿ ಓಡ್ತಿತ್ತು ಅಂತ ಮಾರಿದವರ ಮಾತು. ಏರ್ ಫಿಲ್ಟರ್ ಡಬ್ಬಕ್ಕೆ ಮುಚ್ಚಳ ಇಲ್ಲ. ಹೊಸ ಬ್ಯಾಟರಿ ಇಟ್ಟು ಕೀ ತಿರುಗಿಸಿದರೆ ಒಂದೇ ಒಂದು "ಟಕ್", ಹೆಡ್‌ಲೈಟ್ ಮಂಕಾಗ್ತದೆ. ನ್ಯೂಟ್ರಲಿನಲ್ಲಿ ಸಲೀಸಾಗಿ ತಳ್ಳಬಹುದು, ನಾಲ್ಕನೇ ಗೇರಿನಲ್ಲಿ ಕದಲುದಿಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಪ್ಪು, ಮಟ್ಟ ಸರಿ ಉಂಟು, ಹಾಲಿನ ಬಣ್ಣ ಇಲ್ಲ. ಪ್ಲಗ್ ಇನ್ನೂ ಬಿಚ್ಚಿಲ್ಲ.

ಗ್ಯಾರೇಜಿನವರು ಜೀಪಿಗೆ ಹಗ್ಗ ಕಟ್ಟಿ ಎಳೆದರೆ ಬಿಡ್ತದೆ ಅಂತಾರೆ. ಎಳೆಯಬಹುದಾ? ಇಲ್ಲದಿದ್ದರೆ ಯಾವ ಕ್ರಮದಲ್ಲಿ ಬಿಡಿಸುದು? ಅದೂ ಆಗದಿದ್ದರೆ ಬೇರೆ ಎಂಜಿನ್ ಕೂರಿಸುದಾ, ಗುಜರಿಗೆ ಕೊಡುದಾ?

ಹದಿನಾಲ್ಕರ_ಸ್ಪ್ಯಾನರ್:
ಎಳೀಬೇಡಿ ಮಾರಾಯ್ರೆ. ಎಳೆದರೆ ಬಿಡ್ತದೆ, ಸುಳ್ಳಲ್ಲ. ಆದರೆ ಪಿಸ್ಟನ್ನಿನ ಸುತ್ತ ಇರುವ ರಿಂಗ್ ತುಕ್ಕಿಗೆ ಕಚ್ಚಿಕೊಂಡು ಅಲ್ಲೇ ಉಳಿದು, ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು ಮುರಿದುಕೊಂಡು ಬಿಡ್ತದೆ. ಪಿಸ್ಟನ್ ಅಲ್ಯುಮಿನಿಯಂ, ಬ್ಲಾಕ್ ಎರಕದ ಕಬ್ಬಿಣ. ಮುರಿದ ಚೂರು ಬೋರಿನಲ್ಲಿ, ಅಂದರೆ ಸಿಲಿಂಡರಿನ ಒಳಗೋಡೆಯಲ್ಲಿ, ಗೀರು ಎಳೀತದೆ. ಬರೇ ಹೋನಿಂಗ್‌ನಲ್ಲಿ (ಗೋಡೆ ಉಜ್ಜಿ ನಯ ಮಾಡುದು) ಮುಗಿಯುವ ಕೆಲಸ ಬೋರಿಂಗ್ (ಕೊರೆದು ದೊಡ್ಡದು ಮಾಡುದು) ತನಕ ಹೋಗುದು ಹೀಗೆ.

ಮೊದಲು ಜಾಮ್ ಆದದ್ದು ಎಂಜಿನ್ನೇ ಹೌದಾ ನೋಡಿ. ಆಲ್ಟರ್ನೇಟರ್ ಬೆಲ್ಟ್ ಕಳಚಿ, ಆಲ್ಟರ್ನೇಟರ್ ಮತ್ತು ವಾಟರ್ ಪಂಪಿನ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಎಸಿ ಇದ್ದರೆ ಅದರ ಬೆಲ್ಟೂ ತೆಗೀರಿ. ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ ಸ್ಟಾರ್ಟರ್ ಬಿಚ್ಚಿ ಹೊರಗೆ ತೆಗೀರಿ. ಅದರ ಪಿನಿಯನ್ (ಸಣ್ಣ ಹಲ್ಲುಗಾಲಿ) ಎಂಜಿನ್ನಿನ ಫ್ಲೈವೀಲಿನ ಹಲ್ಲಿಗೆ ಸಿಕ್ಕಿಬಿದ್ದರೂ ಇದೇ "ಟಕ್", ಇದೇ ಲಕ್ಷಣ. ಇಷ್ಟಾದ ಮೇಲೂ ಕ್ರ್ಯಾಂಕ್ ಪುಲ್ಲಿ (ಎಂಜಿನ್ನಿನ ಮುಖ್ಯ ಶಾಫ್ಟಿನ ತುದಿಯ ಚಕ್ರ) ಅಲ್ಲಾಡದಿದ್ದರೆ ಮಾತ್ರ ಎಂಜಿನ್.

ಆಮೇಲಿನ ಪ್ರಶ್ನೆ ಯಾಕೆ ಜಾಮ್ ಆಯ್ತು ಅಂತ. ಆಯಿಲ್ ಇಲ್ಲದೆ ಓಡಿ ಬೇರಿಂಗ್ ಕಚ್ಚಿದ್ದಾದರೆ ಮೇಲಿನಿಂದ ಎಂತ ಹೊಯ್ದರೂ ಪ್ರಯೋಜನ ಇಲ್ಲ, ಅಲ್ಲಿಗೆ ಅದು ಮುಟ್ಟುದೇ ಇಲ್ಲ. ಡ್ರೈನ್ ಬೋಲ್ಟ್ ತೆಗೆದು ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಇಳಿಸಿ, ಬಿಸಿಲಿಗೆ ಹಿಡಿದು ನೋಡಿ. ಹೊಳೆಯುವ ಪುಡಿ ಕಂಡರೆ ಬೇರಿಂಗ್. ನೀರು ಇದ್ದರೆ ಆಯಿಲಿಗಿಂತ ಮೊದಲು ಅದೇ ಬರ್ತದೆ. ಬಿಸಿ ಏರಿ ಜಾಮ್ ಆದ ಎಂಜಿನ್ ನೆನೆಸಿದರೆ ಬಿಡಬಹುದು, ಆದರೆ ಪಿಸ್ಟನ್ ಉಜ್ಜಿಹೋಗಿರ್ತದೆ, ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳದ ಭಾಗ) ಇಳಿಸದೆ ಗತಿ ಇಲ್ಲ. ನಿಮ್ಮದು ತುಕ್ಕಿನ ಕೇಸ್ ಇರಬೇಕು: ಎಂಜಿನ್ ನಿಂತಾಗ ಯಾವುದಾದರೂ ಸಿಲಿಂಡರಿನ ವಾಲ್ವ್ ತೆರೆದೇ ಇರ್ತದೆ, ಮುಚ್ಚಳ ಇಲ್ಲದ ಫಿಲ್ಟರ್ ಡಬ್ಬದಿಂದ ಉಪ್ಪುಗಾಳಿ ನೇರ ಒಳಗೆ.

ಪ್ಲಗ್ ಬಿಚ್ಚುವಾಗ ಅವಸರ ಬೇಡ. ಸುತ್ತ ಊದಿ ಕಸ ತೆಗೆದು, ಡಬ್ಲ್ಯುಡಿ-40 ಹೊಡೆದು ಒಂದು ರಾತ್ರಿ ಬಿಡಿ. ಕಾಲು ಸುತ್ತು ಬಿಚ್ಚಿ, ತಿರುಗಿ ಬಿಗಿ ಮಾಡಿ, ಮತ್ತೆ ಬಿಚ್ಚಿ. ಹೆಡ್ ಅಲ್ಯುಮಿನಿಯಂ, ಪ್ಲಗ್ ಕೂರುವ ಮರೆ (ಥ್ರೆಡ್) ಕಿತ್ತು ಬಂದರೆ ಇನ್ನೊಂದು ಖರ್ಚು.

ಕಾಪು_ಕಡಲು:
ಬೆಲ್ಟ್, ಸ್ಟಾರ್ಟರ್ ಎರಡೂ ತೆಗೆದಾಯ್ತು, ಪುಲ್ಲಿ ಕದಲುದಿಲ್ಲ. ಆಯಿಲಿನಲ್ಲಿ ಹೊಳಪು ಇಲ್ಲ, ನೀರೂ ಇಲ್ಲ. 1 ಮತ್ತು 3ನೇ ಪ್ಲಗ್ ಒಣಗಿ ಕಪ್ಪು, 2ನೆಯದರ ತುದಿಯಲ್ಲಿ ಕೆಂಪು ತುಕ್ಕು. ಅಸಿಟೋನ್ ಮತ್ತು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಅರ್ಧರ್ಧ ಹಾಕಿ ಅಂತ ಎಲ್ಲ ಕಡೆ ಬರೆದಿದ್ದಾರೆ. ಎಷ್ಟು ಹೊಯ್ಯುದು?

ಬೋರ್_68.5:
ಅಸಿಟೋನ್ ತುಕ್ಕಿನೊಳಗೆ ಇಳೀತದೆ, ಒಪ್ಪುವ. ಆದರೆ ಅದು ಎಟಿಎಫ್ ಜೊತೆ ಬೆರೆತು ನಿಲ್ಲುದಿಲ್ಲ, ಸ್ವಲ್ಪ ಹೊತ್ತಿನಲ್ಲಿ ಬೇರೆಯಾಗ್ತದೆ. ನಮ್ಮ ಸೆಖೆಗೆ ಬೇಗ ಆವಿಯೂ ಆಗ್ತದೆ. ಪೈಂಟ್ ಏಳಿಸ್ತದೆ, ಬೆಂಕಿಗೆ ಪೆಟ್ರೋಲಿನ ಹಾಗೆಯೇ. ವಾರಗಟ್ಟಲೆ ನೆನೆಸ್ಲಿಕ್ಕೆ ಎಟಿಎಫ್ ಮತ್ತು ಡೀಸೆಲ್ ಸಮಸಮ ಸಾಕು. ಬರೇ ಸೀಮೆಎಣ್ಣೆ ಬೇಡ, ತೆಳು, ರಿಂಗಿನ ಸಂದಿಯಿಂದ ಬೇಗ ಕೆಳಗಿನ ಆಯಿಲ್ ಸಂಪಿಗೆ ಇಳಿದು ಹೋಗ್ತದೆ.

ಪ್ರಮಾಣಕ್ಕೆ ಲೆಕ್ಕ ಉಂಟು. ಈ ಎಂಜಿನ್ನಿನ ಬೋರಿನ ಅಡ್ಡಳತೆ 68.5 ಮಿ.ಮೀ., ಅಂದರೆ 37 ಮಿ.ಲೀ. ಹೊಯ್ದರೆ ಪಿಸ್ಟನ್ ಮೇಲೆ ಒಂದು ಸೆಂಟಿಮೀಟರ್ ನಿಲ್ತದೆ. ಅಷ್ಟು ಸಾಕು. ಆದರೆ ಮೂರು ಪಿಸ್ಟನ್ ಮೂರು ಎತ್ತರದಲ್ಲಿ ಇರ್ತವೆ. ಹಿಡಿಸೂಡಿಯ ಉದ್ದದ ಕಡ್ಡಿ ಒಂದನ್ನು ಪ್ಲಗ್ ತೂತಿನಿಂದ ಇಳಿಸಿ ಮೂರನ್ನೂ ಅಳೆದು ಬರೆದಿಟ್ಟುಕೊಳ್ಳಿ (ಒಣಗಿದ ಕಡ್ಡಿ ಬೇಡ, ಒಳಗೆ ಮುರಿದರೆ ಫಜೀತಿ). ಪಿಸ್ಟನ್ ತೀರಾ ಮೇಲಿದ್ದರೆ 30 ಮಿ.ಲೀ.ಗೇ ತುಂಬಿ ಬರ್ತದೆ. ಸಿರಿಂಜಿಗೆ ಸಣ್ಣ ಪೈಪ್ ಸಿಕ್ಕಿಸಿ ಹಾಕಿದರೆ ಚೆಲ್ಲುದಿಲ್ಲ.

ದಿನಾ ಕಡ್ಡಿ ಇಳಿಸಿ ಮಟ್ಟ ನೋಡಿ, ಇಳಿದಷ್ಟು ಹೊಯ್ಯಿರಿ. ಒಂದರಲ್ಲಿ ಮಾತ್ರ ಮೂರು ದಿನವಾದರೂ ಮಟ್ಟ ಇಳಿಯದಿದ್ದರೆ ಅಲ್ಲಿ ತುಕ್ಕು ರಿಂಗಿನ ಸಂದಿ ಮುಚ್ಚಿದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಅದಕ್ಕೇ ಆ ಬಿಗಿ. ಮೊಬೈಲಿಗೆ ಸಿಕ್ಕಿಸುವ 5.5 ಮಿ.ಮೀ. ಕ್ಯಾಮೆರಾ ಪ್ಲಗ್ ತೂತಿನಲ್ಲಿ ಹೋಗ್ತದೆ, ಹೊಯ್ಯುವ ಮೊದಲೇ 2ನೆಯದರ ಗೋಡೆ ನೋಡಿ.

ಕನಿಷ್ಠ ನಾಲ್ಕು ದಿನ ಮುಟ್ಟಬೇಡಿ. ಐದನೇ ದಿನ ಕ್ರ್ಯಾಂಕ್ ಪುಲ್ಲಿಯ ನಡು ಬೋಲ್ಟಿಗೆ ಸಾಕೆಟ್ ಹಾಕಿ, ಎರಡು ಅಡಿಯ ಹ್ಯಾಂಡಲ್. ಅದಕ್ಕೆ ಮತ್ತೆ ಪೈಪ್ ಸಿಕ್ಕಿಸಿದರೆ ಬೋಲ್ಟಿನ ತಲೆ ಹಾರ್ತದೆ. ಪುಲ್ಲಿಗೂ ಬ್ಲಾಕಿಗೂ ಎದುರುಬದುರು ಚಾಕ್ ಗುರುತು ಹಾಕಿ. ಬಿಗಿ ಮಾಡುವ ದಿಕ್ಕಿಗೇ ಒತ್ತಿ, ಎದುರು ದಿಕ್ಕಿಗೆ ಒತ್ತಿದರೆ ಬೋಲ್ಟ್ ಮಾತ್ರ ಸಡಿಲ ಆಗ್ತದೆ. ಹಿಂದಕ್ಕೆ ಅಲ್ಲಾಡಿಸ್ಲಿಕ್ಕೆ ನಾಲ್ಕನೇ ಗೇರಿಗೆ ಹಾಕಿ, ಇಬ್ಬರು ಗಾಡಿಯನ್ನು ಹಿಂದೆ ಮುಂದೆ ಜಗ್ಗಿದರೆ ಸಾಕು. ಗುರುತು ಎರಡು ಮಿ.ಮೀ. ಸರಿದರೂ ನಿಲ್ಲಿಸಿ, ಮತ್ತೆ ಹೊಯ್ದು ಮರುದಿನ ನೋಡಿ. ಸರಿಯಿತು ಅಂತ ಒಂದೇ ಸಲ ಪೂರ್ತಿ ತಿರುಗಿಸ್ಲಿಕ್ಕೆ ಹೊರಟರೆ ರಿಂಗ್ ಹೋಗುದು ಆಗಲೇ: ಪಿಸ್ಟನ್ ನಿಂತ ಜಾಗದಿಂದ ಹೊರಟು ಮೇಲಿನ ತುಕ್ಕಿನ ಪಟ್ಟಿಗೆ ಹೋಗಿ ಸಿಕ್ಕಿಕೊಳ್ತದೆ.

ಎರಡು ವಾರಕ್ಕೂ ಕದಲದಿದ್ದರೆ ಹೆಡ್ ಇಳಿಸಿ.

ಹಳೇ_ಆರ್‌ಸಿ:
ಎಂಜಿನ್ನಿಗೆ ಕೈ ಹಾಕುವ ಮೊದಲು ಕಾಗದ ನೋಡಿ. 2004ರ ಗಾಡಿ, 2019ಕ್ಕೆ 15 ವರ್ಷ ಆಯ್ತು. ಆಗ ನೋಂದಣಿ ರಿನ್ಯೂವಲ್ ಮಾಡಿದ್ದರೂ ಐದು ವರ್ಷಕ್ಕೆ ಮಾತ್ರ, 2024ಕ್ಕೆ ಮುಗೀತು. 15 ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಇತ್ತು. 2025ರ ಆಗಸ್ಟಿನ ತಿದ್ದುಪಡಿಯಲ್ಲಿ 20 ದಾಟಿದ ಕಾರಿಗೆ 10,000 ಆಗಿದೆ. ತಡವಾದ ತಿಂಗಳುಗಳ ದಂಡ, ಗ್ರೀನ್ ಟ್ಯಾಕ್ಸ್, ಇನ್ಶೂರೆನ್ಸ್ ಬೇರೆ. ನವೀಕರಣಕ್ಕೆ ಫಾರ್ಮ್ 25 ಹಾಕಿದರೆ ಇನ್‌ಸ್ಪೆಕ್ಷನ್ ಉಂಟು, ಅಂದರೆ ಗಾಡಿ ಓಡಲೇಬೇಕು. ಹೆಸರು ಬದಲಿಗೆ ಫಾರ್ಮ್ 29 ಮತ್ತು 30. ಮಾರಿದವರ ಸಹಿ ಈಗಲೇ ಹಾಕಿಸಿಕೊಳ್ಳಿ, ನಾಳೆ ಅವರು ದುಬೈಗೆ ಹೋದರೆ ಕಷ್ಟ.

ಗುಜರಿಯಿಂದ ಬೇರೆ ಎಂಜಿನ್ ತಂದರೆ ಬ್ಲಾಕಿನ ನಂಬರ್ ಆರ್‌ಸಿಗೆ ತಾಳೆ ಆಗುದಿಲ್ಲ. ಬಿಲ್ಲು, ಆ ಗಾಡಿಯ ಕಾಗದ, ಆರ್‌ಟಿಒ ಅನುಮತಿ ಎಲ್ಲ ಬೇಕು. ಅದಕ್ಕಿಂತ ನಿಮ್ಮ ಬ್ಲಾಕ್ ಉಳಿಸಿಕೊಂಡು ಹೆಡ್, ಕ್ರ್ಯಾಂಕ್, ಪಿಸ್ಟನ್ ಬದಲಿಸಿದರೆ ನಂಬರಿನ ತಲೆಬಿಸಿ ಇಲ್ಲ.

ಕಾಪು_ಕಡಲು:
ಒಂಬತ್ತನೇ ದಿನಕ್ಕೆ ಮೂರು ಮಿ.ಮೀ. ಸರಿಯಿತು, ಹನ್ನೊಂದಕ್ಕೆ ಪೂರ್ತಿ ಎರಡು ಸುತ್ತು. ಒಂದು ಜಾಗದಲ್ಲಿ ಮಾತ್ರ ಸ್ವಲ್ಪ ಗಟ್ಟಿ. ಈಗ ಸ್ಟಾರ್ಟ್ ಮಾಡಬಹುದಾ? ಕಾಗದದ ಲೆಕ್ಕ ನೋಡಿ ಹೆದರಿಕೆ ಆಯ್ತು, ಸಹಿ ಹಾಕಿಸಿಯಾಯ್ತು.

ಬೋರ್_68.5:
ಇಲ್ಲ. ಮೊದಲು ಕ್ಯಾಮೆರಾದಲ್ಲಿ ಬೋರ್ ನೋಡಿ. ಬಣ್ಣದ ಕಲೆ ಪರವಾಗಿಲ್ಲ, ಗುಳಿ ಬಿದ್ದಿದ್ದರೆ ಓಡಿದರೂ ಆಯಿಲ್ ಕುಡೀತದೆ.

ಸ್ಟಾರ್ಟರ್ ಮತ್ತೆ ಕೂರಿಸಿ. ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್ ಕಳಚಿ, ಪ್ಲಗ್ ತೂತಿನ ಮೇಲೆ ಬಟ್ಟೆ ಹಾಸಿ. ಒಳಗಿದ್ದದ್ದೆಲ್ಲ ಹಾರಿ ಬರ್ತದೆ, ಮುಖ ದೂರ ಇಡಿ, ಹತ್ತಿರ ಬೀಡಿ ಸಿಗರೇಟು ಬೇಡ. ಮೊದಲು ಹೊಸ ಆಯಿಲ್ ಫಿಲ್ಟರ್, 20ಡಬ್ಲ್ಯು-40 ಆಯಿಲ್ ಡಿಪ್‌ಸ್ಟಿಕ್ ಮಟ್ಟಕ್ಕೆ, ಮೂರು ಲೀಟರಿನೊಳಗೇ ಆಗ್ತದೆ. ಆಮೇಲೆ ಹತ್ತು ಸೆಕೆಂಡ್ ಕ್ರ್ಯಾಂಕ್ (ಸ್ಟಾರ್ಟರಿನಲ್ಲಿ ತಿರುಗಿಸುದು), ಅರ್ಧ ನಿಮಿಷ ಬಿಡುವು, ಆಯಿಲ್ ಲೈಟ್ ಆರುವ ತನಕ.

ಮತ್ತೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್, ಆಕ್ಸಿಲರೇಟರ್ ಪೂರ್ತಿ ಒತ್ತಿ. ಮೂರರ ನಡುವೆ ಚದರ ಸೆಂ.ಮೀ.ಗೆ ಒಂದು ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. 2ನೆಯದು ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೊಮ್ಮೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ರಿಂಗ್ ಬರೇ ಅಂಟಿಕೊಂಡಿದ್ದರೆ ಓಡಿದ ಮೇಲೆ ಬಿಡುದೂ ಉಂಟು, ಅದಕ್ಕೆ ಮೊದಲ ಗೇಜಿಗೇ ತೀರ್ಮಾನ ಮಾಡಬೇಡಿ.

ಬೋರಿಂಗ್ ಬೇಕಾದರೆ 0.25 ಅಥವಾ 0.50 ಮಿ.ಮೀ. ದೊಡ್ಡ (ಓವರ್‌ಸೈಜ್) ಪಿಸ್ಟನ್ ಮೊದಲು ಕೈಗೆ ಬರಲಿ, ಅದನ್ನು ಅಳೆದೇ ಬೋರ್ ಹೊಡೆಸುದು. ಬೋರ್ ಹೊಡೆದು ಪಿಸ್ಟನ್ ಹುಡುಕ್ಲಿಕ್ಕೆ ಹೊರಟರೆ ಎರಡರ ನಡುವಿನ ಕ್ಲಿಯರೆನ್ಸ್ (ಸಂದಿ) ದೇವರಿಗೇ ಪ್ರೀತಿ. ಮಂಗಳೂರಿನ ಬೈಕಂಪಾಡಿ, ಯೆಯ್ಯಾಡಿ ಕಡೆ ಲೇತಿನವರ ಹತ್ತಿರ ಕೊಡುವಾಗ ಹೆಡ್ಡಿನ ಮಟ್ಟವನ್ನೂ ನೋಡಿಸಿ, 0.05 ಮಿ.ಮೀ.ಗಿಂತ ಹೆಚ್ಚು ಬಾಗಿದ್ದರೆ ಸರ್ಫೇಸ್ (ಸವೆಸಿ ಸಮತಟ್ಟು) ಮಾಡಿಸಿ.

ಹದಿನಾಲ್ಕರ_ಸ್ಪ್ಯಾನರ್:
ಸ್ಟಾರ್ಟ್ ಮಾಡುವ ಮೊದಲು ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ. ಪೆಟ್ರೋಲಿಗೆ ಬೆರೆಸಿದ ಎಥನಾಲ್ ತೇವ ಎಳೀತದೆ, ಎರಡು ಮಳೆಗಾಲಕ್ಕೆ ಅಡಿಯಲ್ಲಿ ನೀರು ಕೂತಿರ್ತದೆ, ಅದೇ ಪಂಪಿಗೆ ಹೋಗುದು. ಟೈಮಿಂಗ್ ಬೆಲ್ಟ್ ಹೊಸತು ಹಾಕಿ, ಹಳೇ ರಬ್ಬರನ್ನು ನಂಬಬೇಡಿ. ಮೊದಲ ಸಲ ಹತ್ತಿಪ್ಪತ್ತು ನಿಮಿಷ ಐಡಲಿನಲ್ಲಿ ಓಡಿಸಿ, ಬಿಳಿ ಹೊಗೆ ಬಂದರೆ ಗಾಬರಿ ಬೇಡ, ಅದು ಹೊಯ್ದ ಎಟಿಎಫ್. ಬಿಸಿ ಇರುವಾಗಲೇ ಆ ಆಯಿಲ್ ಮತ್ತು ಫಿಲ್ಟರ್ ಬಿಸಾಡಿ ಹೊಸತು ಹಾಕಿ. ಗಟ್ಟಿಯಾಗುವ ಜಾಗ ಆಮೇಲೂ ಉಳಿದರೆ ಬೋರಿನ ತುಕ್ಕಿನ ಪಟ್ಟಿ ಇನ್ನೂ ಹೋಗಿಲ್ಲ, ಆಗ ಹೆಡ್ ಇಳಿಸಿ ಹೋನಿಂಗ್.

ಮತ್ತೆ ಆ ಏರ್ ಫಿಲ್ಟರ್ ಡಬ್ಬಕ್ಕೆ ಒಂದು ಮುಚ್ಚಳ ತನ್ನಿ.