ಗಣಿ ಮುಗಿದ ಮೇಲೆ ಗಿಡ ನೆಟ್ಟರೆ ಪ್ರಾಣಿಗಳು ವಾಪಸ್ ಬರುತ್ತವಾ?

ಕುರುಚಲುಕಾಡು ಕೇಳಿದ್ದು:
ನಮ್ಮ ಕುಟುಂಬದ ಜಮೀನನ್ನು ಗಣಿಗೆ ಗುತ್ತಿಗೆ ಕೊಡುವ ಮಾತು ನಡೆದಿದೆ. ಅರ್ಧ ಜಾಗ ಕುರುಚಲು ಕಾಡು. ಮೊಲ ಇವೆ, ಹಲ್ಲಿ ಹಾವು ಇವೆ, ಹಳೇ ಮರಗಳ ಪೊಟರೆಯಲ್ಲಿ ಗೂಬೆ ಇವೆ. ಕೆಲಸ ಮುಗಿದ ಮೇಲೆ ಗಿಡ ನೆಟ್ಟುಕೊಡ್ತೇವೆ ಅಂತ ಕಂಪನಿಯವರು ಹೇಳುತ್ತಾರೆ. ಅಷ್ಟು ಸಾಕಾ? ಕರಾರಿನಲ್ಲಿ ಏನು ಬರೆಸಬೇಕು?

ಮಣ್ಣಿನವಳು:
ಸಾಲದು. ಗಣಿ ಅಗೆದ ನೆಲದಲ್ಲಿ ಮತ್ತೆ ಕಾಡು ಬೆಳೆಸುವುದೇ ನನ್ನ ಕೆಲಸ, ಅದಕ್ಕೇ ಹೇಳ್ತಿದ್ದೇನೆ. ಗಿಡದ ಮಾತು ಆಮೇಲೆ, ಮೊದಲು ಮಣ್ಣಿನ ಮಾತಾಡಿ.

ಕಾಡಿನ ಬೀಜ, ಬೇರಿನ ಜೊತೆ ಬದುಕುವ ಶಿಲೀಂಧ್ರ, ಇವು ಜಾಸ್ತಿ ಇರುವುದು ಮೇಲಿನ ಕೆಲವೇ ಇಂಚು ಮಣ್ಣಿನಲ್ಲಿ. ಆ ಪದರವನ್ನು ಬೇರೆಯಾಗಿಯೇ ತೆಗೆಯಬೇಕು. ಅಗೆದು ಮುಗಿದ ಪಕ್ಕದ ತುಂಡಿನ ಮೇಲೆ ಆಗಲೇ ಹರಡಿಬಿಟ್ಟರೆ ಒಳ್ಳೇದು. ವರ್ಷಗಟ್ಟಲೆ ಗುಡ್ಡೆ ಹಾಕಿಟ್ಟರೆ ಅದರೊಳಗಿನ ಜೀವ ಕಡಿಮೆಯಾಗುತ್ತಾ ಹೋಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಜಾರಾ ಅನ್ನುವ ಮರಗಳ ಕಾಡಿನ ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ಗಣಿಗಳಲ್ಲಿ ಹೀಗೆ ಆಗತಾನೇ ತೆಗೆದ ಮಣ್ಣನ್ನೇ ಹಾಕಿದ್ದರಿಂದ, ಯಾರೂ ನೆಡದ ಎಷ್ಟೋ ಗಿಡಗಳು ಹುಟ್ಟಿವೆ.

ನೆಲವನ್ನು ನುಣ್ಣಗೆ ಮಾಡಲು ಬಿಡಬೇಡಿ. ಬುಲ್ಡೋಜರ್ ಹತ್ತಾರು ಸಲ ಓಡಿದ ನೆಲ ನೋಡೋಕೆ ಚೆನ್ನ, ಆದರೆ ಬೇರು ಇಳಿಯುವುದಿಲ್ಲ, ನೀರು ಇಂಗುವುದಿಲ್ಲ. ಅಮೆರಿಕದ ಅಪಲೇಶಿಯಾ ಬೆಟ್ಟಗಳ ಕಲ್ಲಿದ್ದಲು ಗಣಿಗಳಲ್ಲಿ ಹೀಗೇ ಆಯಿತು. ಗಟ್ಟಿ ನೆಲ, ಮೇಲೆ ದಟ್ಟ ಹುಲ್ಲು, ಮರದ ಸಸಿ ಮೇಲೇಳಲೇ ಇಲ್ಲ. ಈಗ ಅಲ್ಲಿ ಮೇಲಿನ ನಾಲ್ಕು ಅಡಿಯನ್ನಾದರೂ ಸಡಿಲವಾಗಿ ಬಿಡಿ ಅನ್ನುತ್ತಾರೆ.

ಕಡಿದ ಮರ, ಬಂಡೆ ಯಾವುದನ್ನೂ ಸುಡುವುದು, ಸಾಗಿಸುವುದು ಬೇಡ. ಅಲ್ಲಲ್ಲಿ ರಾಶಿ ಹಾಕಿಸಿ. ಕೊಳೆಯುತ್ತಿರುವ ಕೊರಡಿನ ತೊಗಟೆ ಎತ್ತಿ ನೋಡಿ, ಕೆಳಗೆ ತೇವ ಇರುತ್ತದೆ, ಗೆದ್ದಲು, ಜರಿ, ಅವನ್ನು ತಿನ್ನೋಕೆ ಬಂದ ಹಲ್ಲಿ. ಹಾವಿಗೆ, ಗೂಬೆಗೆ ಊಟ ಶುರುವಾಗುವುದೇ ಇಲ್ಲಿಂದ. ಸಾಲಾಗಿ ನೆಟ್ಟ ಒಂದೇ ಜಾತಿಯ ಮರಗಳ ಕೆಳಗೆ ಇದನ್ನೆಲ್ಲ ಎಲ್ಲಿ ಹುಡುಕ್ತೀರಿ?

ಗಡಿಕಲ್ಲು:
ಮಣ್ಣಿನವಳು ಅವರು ಹೇಳಿದ್ದನ್ನೆಲ್ಲ ಕರಾರಿಗೆ ಹಾಕಿಸಿ, ಜೊತೆಗೆ ಕಂಪನಿಯಿಂದ ಠೇವಣಿ ಇಡಿಸಿ, ಕೆಲಸ ಸರಿಯಾಗಿ ಮುಗಿದ ಮೇಲಷ್ಟೇ ಅದು ವಾಪಸ್. ಅಮೆರಿಕದ 1977ರ ಕಲ್ಲಿದ್ದಲು ಗಣಿ ಕಾನೂನು ಹೀಗೇ ನಡೆಯುವುದು. ಗಿಡ ಹಾಕಿದ ಮೇಲೂ 5 ವರ್ಷ, ಮಳೆ ಕಡಿಮೆ ಇರುವ ಕಡೆ 10 ವರ್ಷ ಜವಾಬ್ದಾರಿ ಕಂಪನಿಯದೇ. ಅಗೆಯುವ ಮೊದಲೇ ಯಾವ ಪ್ರಾಣಿ ಎಲ್ಲಿದೆ ಅಂತ ಸರ್ವೆ ಮಾಡಿಸಿ. ಇಲ್ಲದಿದ್ದರೆ ಆಮೇಲೆ ಯಾವುದಕ್ಕೆ ಹೋಲಿಸ್ತೀರಿ?

ಕುರುಚಲುಕಾಡು:
ಇಬ್ಬರಿಗೂ ಥ್ಯಾಂಕ್ಸ್. ಪೊಟರೆ ಬದಲು ಗೂಬೆಗೆ ಗೂಡಿನ ಪೆಟ್ಟಿಗೆ ಕಟ್ಟಿಕೊಡ್ತೇವೆ ಅಂತಲೂ ಕಂಪನಿಯವರು ಹೇಳಿದ್ದಾರೆ. ನಡೆಯುತ್ತಾ?

ಮಣ್ಣಿನವಳು:
ಸ್ವಲ್ಪ ಕಾಲ ನಡೆಯುತ್ತದೆ. ಪೆಟ್ಟಿಗೆ ಹಾಳಾದಾಗ ಬದಲಿಸುವವರು ಬೇಕಲ್ವಾ? ನೀಲಗಿರಿ ಜಾತಿಯ ಮರಗಳಲ್ಲೇ ದೊಡ್ಡ ಪೊಟರೆ ಆಗೋಕೆ 100 ವರ್ಷಕ್ಕೂ ಜಾಸ್ತಿ ಬೇಕು. ಅಷ್ಟು ಕಾಲ ಕಾಯುವ ಗುತ್ತಿಗೆ ಯಾವುದಿದೆ? ಪೊಟರೆ ಇರುವ ಮರಗಳಿಗೆ ಈಗಲೇ ಗುರುತು ಹಾಕಿಸಿ. ನಕ್ಷೆಯಲ್ಲಿ ಆ ಜಾಗವನ್ನು, ಸುತ್ತಲಿನ ಪೊದೆಯ ಸಮೇತ, ಗುತ್ತಿಗೆಯಿಂದ ಆಚೆ ಬಿಡಿಸಿ. ಅದಕ್ಕೆ ಒಪ್ಪದಿದ್ದರೆ ಸಹಿ ಹಾಕಬೇಡಿ.