ನರ ಅಂದರೆ ಯಾವ ನರ?

ಎಲ್ಲರಿಗೂ ನಮಸ್ಕಾರ. ಡ್ರಿಪ್ ಹಾಕುವ ನರಕ್ಕೆ ಒಂದು ಪದ ಬೇಕಿದೆ, ಸ್ವಲ್ಪ ಬೇಗ.

ನನ್ನ ತಂಗಿಗೆ ಎಂಟು ವರ್ಷದಿಂದ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ. ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹಾಯುವ ನೋವು. ಅದು ಕೆರಳಿತು ಅಂದರೆ ಊಟವಿಲ್ಲ, ಕುಡಿದ ನೀರೂ ನಿಲ್ಲುವುದಿಲ್ಲ, ಡ್ರಿಪ್ಪೇ ಗತಿ. ಹೋದ ತಿಂಗಳು ನೋವಿನ ಡಾಕ್ಟರು "ನರಕ್ಕೊಂದು ಇಂಜೆಕ್ಷನ್ ಕೊಟ್ಟು ನೋಡೋಣಮ್ಮ" ಅಂದರು. ಇವಳು ಎರಡೂ ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡು "ನನಗೆ ನರ ಸಿಗಲ್ಲ ಡಾಕ್ಟ್ರೇ" ಅಂದಳು. ಅವರು ಹೇಳಿದ್ದು ಜಠರದ ಹಿಂದಿರುವ, ನೋವಿನ ಸುದ್ದಿ ಮಿದುಳಿಗೆ ಒಯ್ಯುವ ನರಗಳ ಗೊಂಚಲಿಗೆ ಬೆನ್ನಿನ ಕಡೆಯಿಂದ ಸೂಜಿ ಹಾಕಿ ಕೊಡುವ ಮದ್ದು. ಇವಳು ಹೇಳಿದ್ದು ಡ್ರಿಪ್ ಹಾಕುವ ನರ. ಐದು ನಿಮಿಷ ಇಬ್ಬರೂ ಬೇರೆ ಬೇರೆ ನರದ ಬಗ್ಗೆ ಮಾತಾಡಿದರು, ನಾನು ಪಕ್ಕದಲ್ಲಿ ಕೂತು ಕೇಳಿದೆ.

ತಪ್ಪು ಯಾರದೂ ಅಲ್ಲ. ಕನ್ನಡದಲ್ಲಿ ರಕ್ತ ಹರಿಯುವುದೂ ನರ, ನಿಮ್ಹಾನ್ಸ್‌ನಲ್ಲಿ ನೋಡುವುದೂ ನರ, ಕತ್ತು ಉಳುಕಿದಾಗ ಹಿಡಿದುಕೊಳ್ಳುವುದೂ ನರ. ತೆಲುಗಿನ ನರಂ, ತಮಿಳಿನ ನರಂಬು ಇದರ ನೆಂಟರೇ. ಹಿಂದಿಯ ನಸ್ ಬೇರೆ ಮೂಲದ್ದಾದರೂ ಪಾಡು ಇದೇ. (ಗ್ರೀಕರ ನ್ಯೂರಾನ್ ಕೂಡ ಮೊದಲು ಸ್ನಾಯುವಿನ ಕಟ್ಟಿಗೇ ಇದ್ದ ಹೆಸರು. ಹಾಗಾಗಿ ನಾವೇನೂ ನಾಚಿಕೊಳ್ಳಬೇಕಿಲ್ಲ.)

ಡ್ರಿಪ್ ಹಾಕುವ ನರಕ್ಕೆ ಪಠ್ಯಪುಸ್ತಕದ ಪದ ಗೊತ್ತು: ಅಭಿಧಮನಿ. ಆದರೆ ಅದರ ಜೋಡಿ ಅಪಧಮನಿ, ಹೃದಯದಿಂದ ರಕ್ತ ಒಯ್ಯುವುದು. ಇವೆರಡನ್ನು ಅದಲುಬದಲು ಬರೆದು ಅಂಕ ಕಳೆದುಕೊಂಡವನು ನಾನು. ರಾತ್ರಿ ಎರಡು ಗಂಟೆಗೆ ವಾಂತಿ ಮಾಡಿಕೊಳ್ಳುತ್ತಾ ಅದನ್ನು ಹೇಳಲು ಆಗುತ್ತದಾ? ರಕ್ತನಾಳ ಅಂದರೆ ಎರಡೂ ಸೇರಿಬಿಡುತ್ತವೆ. ಅಮ್ಮ "ರಕ್ತದ ನರ" ಅನ್ನುತ್ತಾಳೆ. ನನಗೆ ಅದೇ ಸರಿ ಅನ್ನಿಸುತ್ತಿದೆ, ಆದರೆ ಬರವಣಿಗೆಯಲ್ಲಿ ಎಲ್ಲೂ ಕಂಡಿಲ್ಲ.

ಹೆಸರು ಒಂದೇ ಆದರೂ ಕ್ರಿಯಾಪದಗಳು ನಮ್ಮಲ್ಲಿ ಎಷ್ಟು ಚೆನ್ನಾಗಿವೆ ನೋಡಿ, ಎಲ್ಲಾ ವಾರ್ಡಿನಲ್ಲಿ ಕಿವಿಯಾರೆ ಕೇಳಿದ್ದು. ಮೈಯಲ್ಲಿ ನೀರಿಲ್ಲದೆ ನರ ಚಪ್ಪಟೆಯಾದರೆ "ಕೂತುಹೋಗಿದೆ". ಸೂಜಿ ತಾಗುತ್ತಲೇ ಪಕ್ಕಕ್ಕೆ ಸರಿದರೆ "ಜಾರುತ್ತೆ". ಸೂಜಿ ಆಚೆ ಬದಿ ತೂರಿ ರಕ್ತ ಹೊರಗೆ ಸೋರಿ ನೀಲಿಗಟ್ಟಿದರೆ "ಒಡೀತು". ಹಾಕಿದ ಪ್ಲಾಸ್ಟಿಕ್ ನಳಿಗೆ ಸರಿದು ಗ್ಲೂಕೋಸ್ ಚರ್ಮದಡಿ ಹೋಗಿ ಕೈ ಊದಿದರೆ ನರ್ಸಮ್ಮಂದಿರು "ಔಟ್ ಆಗಿದೆ" ಅನ್ನುತ್ತಾರೆ. ವರ್ಷಗಟ್ಟಲೆ ಚುಚ್ಚಿಸಿಕೊಂಡು, ಖಾರದ ಔಷಧಿ ಹರಿದು ಹರಿದು, ಒಳಗೆ ಕಲೆಗಟ್ಟಿ ಹುರಿಹಗ್ಗದ ಹಾಗೆ ಕೈಗೆ ತಾಗುವ ನರಕ್ಕೆ ನನ್ನ ತಂಗಿಯದೇ ಮಾತು, "ಕಲ್ಲಾಗಿದೆ". ಈ ಐದೂ ಬೇರೆ ಬೇರೆ ಸಂಗತಿ. ಕೂತದ್ದನ್ನು ಬಿಸಿ ಬಟ್ಟೆ ಇಟ್ಟು, ಕೈ ಮಂಚದಿಂದ ಕೆಳಗೆ ಇಳಿಬಿಟ್ಟು ಎಬ್ಬಿಸಬಹುದು. ಕಲ್ಲಾದದ್ದನ್ನು ಬಿಟ್ಟು ಬೇರೆ ಜಾಗ ಹುಡುಕಬೇಕು, ಸ್ಕ್ಯಾನ್ ಯಂತ್ರ ಇಟ್ಟು ಆಳದ್ದನ್ನು ನೋಡಿ ಹಾಕುವವರೂ ಇದ್ದಾರೆ.

ಪದ ಯಾಕೆ ಬೇಕು ಅಂದರೆ, ಅವಳ ಪರ್ಸಿನಲ್ಲಿ ಇಡಲು ಒಂದು ಚೀಟಿ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ. "ಮೊಣಕೈ ಮಡಿಕೆ ಬೇಡ ಸಿಸ್ಟರ್, ಎಡಗೈ ಹೊರಬದಿ ನೋಡಿ, ಪಿಂಕ್ ಬೇಡ, ನೀಲಿ ಹಾಕಿ" ಅಂದರೆ "ನೀವೇನು ನರ್ಸಾ?" ಅನ್ನುತ್ತಾರೆ. (ಇವು ನಳಿಗೆಯ ಬಣ್ಣ. ನೀಲಿ ಅಂದರೆ 22 ಗೇಜ್, ಪಿಂಕ್ 20. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ನಳಿಗೆ ದಪ್ಪ.) ಒಮ್ಮೆಯಂತೂ, ಇಷ್ಟೆಲ್ಲ ಗೊತ್ತು ಅಂದರೆ ನೋವಿನ ಇಂಜೆಕ್ಷನ್ನಿನ ಚಟ ಇರಬೇಕು ಅನ್ನುವ ಹಾಗೆ ನೋಡಿದರು. ಆರು ಸಲ ಚುಚ್ಚಿದ ಮೇಲೆ ಅವಳು ಹೇಳಿದ ಜಾಗದಲ್ಲೇ ಸಿಕ್ಕಿತು, ಅದು ಬೇರೆ ಮಾತು.

ಚೀಟಿಯ ಮೊದಲ ಸಾಲು ಈಗ ಹೀಗಿದೆ: "ನನಗೆ ರಕ್ತದ ನರ ಸುಲಭವಾಗಿ ಸಿಗುವುದಿಲ್ಲ. ಮುಂಗೈಯವು ಕಲ್ಲಾಗಿವೆ."

ಇದು ಬೀದರ್‌ನವರಿಗೂ ಮಂಗಳೂರಿನವರಿಗೂ ಒಂದೇ ಓದಿಗೆ ತಿಳಿಯುತ್ತದಾ? ನಿಮ್ಮ ಕಡೆ ಡ್ರಿಪ್ ಹಾಕುವ ನರಕ್ಕೆ ಬೇರೆ ಹೆಸರಿದೆಯಾ? ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ ನೀವು ಏನನ್ನುತ್ತೀರಿ ಅಂತ ಹೇಳಿ, ಸುಮ್ನೆ ನಿಘಂಟಿನ ಪದ ಬೇಡ. ಮತ್ತೆ "ಕಲ್ಲಾಗಿದೆ" ಅಂದರೆ ಯಾರಾದರೂ ಕಿಡ್ನಿ ಕಲ್ಲು ಅಂದುಕೊಳ್ಳಬಹುದಾ?