ಮರು: ಸ್ಪ್ಯಾನಿಶ್ ‘ಇಂಪರ್ಫೆಕ್ಟೋ’ಗೆ ಕನ್ನಡದಲ್ಲಿ ಏನನ್ನೋಣ? (ಅರ್ಜೆಂಟ್)

> ಬೀದರಿನ ನಮ್ಮ ಕ್ಲಾಸಿನ ಹಾಳೆ ನಾಳೆ ಬೆಳಿಗ್ಗೆ ಜೆರಾಕ್ಸಿಗೆ ಹೋಗಬೇಕು. ತಲೆಬರಹ ‘ಅಪೂರ್ಣ ಭೂತಕಾಲ’ ಅಂತ ಹಾಕಲಾ?

ಬೇಡ. ‘ತ್ತಿದ್ದ ರೂಪ’ ಅಂತ ಹಾಕಿ ಕಳಿಸಿಬಿಡಿ. ಇಂಪರ್ಫೆಕ್ಟೋ ಅಂದರೆ ಹಿಂದೆ ನಡೆಯುತ್ತಿದ್ದ ಕೆಲಸ ಇಲ್ಲವೇ ರೂಢಿ ಹೇಳುವ ಕ್ರಿಯಾರೂಪ ತಾನೇ. ಕಾರಣ ಪುರಸೊತ್ತಾದಾಗ ಓದಿ.

ಅಪೂರ್ಣ ಅಂದ ಕೂಡಲೇ ಹುಡುಗರು ಕೆಲಸ ಅರ್ಧಕ್ಕೆ ನಿಂತಿತು ಅಂದುಕೊಳ್ಳುತ್ತಾರೆ. ಸ್ಪ್ಯಾನಿಶ್‌ನ ‘ಕೊಮೀಆ’ (ಉಣ್ಣುತ್ತಿದ್ದ) ಅಂದರೆ ಊಟ ಬಿಟ್ಟು ಎದ್ದ ಅಂತಲ್ಲ. ಮುಗಿಯಿತೋ ಇಲ್ಲವೋ ಅನ್ನುವ ಮಾತನ್ನೇ ಅದು ಎತ್ತುವುದಿಲ್ಲ. ನಮ್ಮ ‘ಉಣ್ಣುತ್ತಿದ್ದ’ ಕೂಡ ಹಾಗೇ ಅಲ್ವಾ? ‘ದಿನಾ ಜೋಳದ ರೊಟ್ಟಿ ಉಣ್ಣುತ್ತಿದ್ದ’ ಅಂದರೆ ರೂಢಿ. ‘ನಾ ಹೋದಾಗ ಉಣ್ಣುತ್ತಿದ್ದ’ ಅಂದರೆ ಆ ಹೊತ್ತಿನ ಕೆಲಸ. ಎರಡಕ್ಕೂ ನಮ್ಮಲ್ಲಿ ಒಂದೇ ರೂಪ, ಅವರಲ್ಲೂ ಒಂದೇ. ಯೂಸ್ಡ್ ಟು ಈಟ್ ಬೇರೆ, ವಾಸ್ ಈಟಿಂಗ್ ಬೇರೆ ಅನ್ನುವುದು ಇಂಗ್ಲಿಷಿನ ತಾಪತ್ರಯ. ಸುಮ್ನೆ ಆ ಸುತ್ತು ಹೊಡೆಸಬೇಡಿ.

ಸ್ಪ್ಯಾನಿಶ್‌ನವರಲ್ಲೇ ಈ ಹೆಸರು ಒಪ್ಪದವರಿದ್ದರು. ವ್ಯಾಕರಣಕಾರ ಆಂದ್ರೆಸ್ ಬೆಲ್ಲೋ 1847ರ ತನ್ನ ವ್ಯಾಕರಣದಲ್ಲಿ ಇದನ್ನು ‘ಕೋಪ್ರೆತೇರಿತೋ’ ಅಂದ. ಇನ್ನೊಂದು ಹಿಂದಿನ ಸಂಗತಿಯ ಜೊತೆಜೊತೆಗೆ ನಡೆದದ್ದು ಅಂತ. ಮೆಕ್ಸಿಕೋದ ಪಾಠಗಳಲ್ಲಿ ಈಗಲೂ ಆ ಹೆಸರಿದೆ.

> ಇದು ಸಂಸ್ಕೃತದ ಲಙ್ ಎಂಬ ಭೂತಕಾಲದ ರೂಪ. ಪದ ಇರುವಾಗ ಹೊಸದೇಕೆ?

ಅಲ್ಲ. ಪಾಣಿನಿ ಹೇಳಿದ್ದು ‘ಅನದ್ಯತನೇ ಲಙ್’, ಅಂದರೆ ಇವತ್ತಿನದಲ್ಲದ ಭೂತ. ಅದನ್ನು ಇಂಪರ್ಫೆಕ್ಟ್ ಅಂತ ಕರೆದದ್ದು ಗ್ರೀಕ್ ವ್ಯಾಕರಣದ ಅಭ್ಯಾಸ ಇದ್ದ ಯುರೋಪಿನ ಪಂಡಿತರು. ಸ್ಪ್ಯಾನಿಶ್ ರೂಪದ ಕೊನೆಯಲ್ಲಿ ಬರುವ ‘ಆಬಾ’ದ ಬೇರು ಲ್ಯಾಟಿನ್‌ನಲ್ಲಿದೆ: ಅಮಾಬಮ್, ಅಮಾಬಸ್, ಅಮಾಬತ್. ಕೊಮೀಆದ ಕೊನೆಯ ‘ಈಆ’ ಆಗುವಾಗ ಆ ‘ಬ’ ಸವೆದುಹೋಯಿತು.

> ಕಲಬುರಗಿ ಕಡೆ ಉರ್ದು ಓದಿದವರಿಗೆ ‘ಮಾಝಿ ಇಸ್ತಿಮ್ರಾರಿ’ (ನಡೆಯುತ್ತಲೇ ಇದ್ದ ಭೂತಕಾಲ) ಗೊತ್ತೇ ಇದೆ.

ಓದಿದವರಿಗೆ, ಹೌದು. ಎರವಲು ಅಂದ ಮಾತ್ರಕ್ಕೆ ಮೂಗು ಮುರಿಯುವವನಲ್ಲ ನಾನು. ನಮ್ಮಲ್ಲಿ ಖಾಜಿ ಆದ ಅದೇ ಅರಬ್ಬಿ ಪದ ಸ್ಪೇನಿನಲ್ಲಿ ‘ಅಲ್ಕಾಲ್ದೆ’ ಆಗಿ ಮೇಯರ್‌ಗಿರಿ ಮಾಡುತ್ತಿದೆ. ಆದರೆ ಈ ಕ್ಲಾಸಿನ ಹುಡುಗರು ಉರ್ದು ವ್ಯಾಕರಣ ಓದಿದವರಲ್ಲ. ಇನ್ನು ಅಚ್ಚಗನ್ನಡದಲ್ಲಿ ‘ಮುಗಿಯದ ಹಿಂಗಾಲ’ ಅನ್ನಿ ಅಂದವರಿಗೆ: ಅದು ಅಪೂರ್ಣ ಭೂತವೇ, ಬರೀ ಅಂಗಿ ಬದಲಾಗಿದೆ. ಜೊತೆಗೆ, ಓದಿದವರು ಹಿಂದಿನ ಕಾಲು ಅಂದುಕೊಂಡಾರು.

ಹಾಳೆಯಲ್ಲಿ ಎರಡು ಟಿಪ್ಪಣಿ ಹಾಕಲೇಬೇಕು. ಮಾತಾಡುವುದಕ್ಕೆ ಅವರ ‘ಅಬ್ಲಾಬಾ’ ನಾನು, ಅವನು ಇಬ್ಬರಿಗೂ ಬರುತ್ತದೆ. ನಮ್ಮಲ್ಲಿ ಮಾತಾಡುತ್ತಿದ್ದೆ, ಮಾತಾಡುತ್ತಿದ್ದ ಬೇರೆ ಬೇರೆ. ಗೊಂದಲ ಆಗುವ ಕಡೆ ಅವರು ‘ಯೋ’ (ನಾನು), ‘ಎಲ್’ (ಅವನು) ಸೇರಿಸುತ್ತಾರೆ. ಇನ್ನೊಂದು, ‘ಸಾಬೀಆ’ಕ್ಕೆ ನಮ್ಮ ತ್ತಿದ್ದ ಒಗ್ಗುವುದಿಲ್ಲ, ‘ಗೊತ್ತಿತ್ತು’ ಅನ್ನಬೇಕು. ‘ತೆನೀಆ ಓಚೋ ಆನ್ಯೋಸ್’ ಅಂದರೂ ‘ಎಂಟು ವರ್ಷ ಆಗಿತ್ತು’ ಅಂತಲೇ. ಪ್ರತ್ಯಯದ ಪಟ್ಟಿ ನಿಮ್ಮಲ್ಲಿದೆ, ಮತ್ತೆ ಬರೆಯುವುದಿಲ್ಲ. ಆ ಪಟ್ಟಿಯ ದಾರಿ ತಪ್ಪುವುದು ಸೇರ್ (ಇರು), ಇರ್ (ಹೋಗು), ಬೇರ್ (ನೋಡು) ಮೂರೇ. ಅವನ್ನು ಈ ಹಾಳೆಗೆ ತುರುಕಬೇಡಿ.